ವಿಲಿಯಂ ಹರ್ಷೆಲ್: ಉಪಗ್ರಹವೋ, ಮಂಕು ನಕ್ಷತ್ರವೋ?

ಅಭ್ಯಾಸ ಬೋಧನೆಯಲ್ಲಿ ಬೆಳಕಿನ ಪಾಠ ಮಾಡುವಾಗ, ಅವಕೆಂಪು ಕಿರಣ ಕಂಡುಹಿಡಿದವರು ವಿಲಿಯಂ ಹರ್ಷೆಲ್ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ಅಷ್ಟೊಂದು ನಕ್ಷತ್ರಗಳ ನಡುವೆ ಕೃತಕ ಉಪಗ್ರಹವನ್ನು ಗುರುತಿಸುವುದು ಹೇಗೆ ಎಂದು ಒಬ್ಬ ಹುಡುಗಿ ಕೇಳಿದಳು. ಉತ್ತರ ಹುಡುಕುತ್ತಾ ಹೋದವನು ಮತ್ತೆ ಹರ್ಷೆಲ್ ಅವರ ಬಳಿಗೇ ಬಂದೆ.

1738ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿದ ಅವರದು ವಾದ್ಯಗಾರರ ಮನೆ. ಇಂಗ್ಲೆಂಡಿಗೆ ಬಂದು, ಬಾತ್ ಪಟ್ಟಣದಲ್ಲಿ ಆರ್ಗನ್ ನುಡಿಸಿ, ಸಂಗೀತ ಪಾಠ ಹೇಳಿ ಬದುಕಿದರು. ಖಗೋಳದ ಹುಚ್ಚು ಹಿಡಿದದ್ದು ಮೂವತ್ತು ದಾಟಿದ ಮೇಲೆ. ದೂರದರ್ಶಕದ ಲೋಹದ ಕನ್ನಡಿಗಳನ್ನು ತಾವೇ ಎರಕ ಹೊಯ್ದು ಉಜ್ಜುತ್ತಿದ್ದರು. ಕೈ ತೆಗೆಯುವಂತಿಲ್ಲದಾಗ ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಇಡುತ್ತಿದ್ದರು.

1781ರ ಮಾರ್ಚ್ 13ರ ರಾತ್ರಿ ಮನೆಯ ಹಿತ್ತಿಲಿನಿಂದ ನೋಡುವಾಗ ಒಂದು ಚುಕ್ಕೆ ಬೇರೆಯಾಗಿ ಕಂಡಿತು. ವರ್ಧನೆ ಹೆಚ್ಚಿಸಿದಂತೆ ಅದು ದೊಡ್ಡದಾಯಿತು, ಸುತ್ತಲಿನ ನಕ್ಷತ್ರಗಳು ಹಾಗೆ ಬೆಳೆಯಲಿಲ್ಲ. ಕೆಲವು ದಿನಗಳಲ್ಲಿ ಜಾಗವನ್ನೂ ಬದಲಿಸಿತ್ತು. ಧೂಮಕೇತು ಎಂದುಕೊಂಡರು, ಅದು ಯುರೇನಸ್. 1787ರಲ್ಲಿ ಅದರ ಎರಡು ಉಪಗ್ರಹಗಳನ್ನು ಕಂಡರು. ಆದರೆ 1798ರಲ್ಲಿ ಇನ್ನೂ ನಾಲ್ಕು ಇವೆ ಎಂದು ಪ್ರಕಟಿಸಿದ್ದು ತಪ್ಪು. ಅವು ಅಲ್ಲಿರಲೇ ಇಲ್ಲ. ಹಿನ್ನೆಲೆಯ ಮಂಕು ನಕ್ಷತ್ರಗಳು ಮೋಸ ಮಾಡಿರಬೇಕು.

ಸೂರ್ಯನನ್ನು ನೋಡಲು ಬಣ್ಣದ ಗಾಜು ಬಳಸುವಾಗ, ಕೆಲವು ಗಾಜುಗಳಲ್ಲಿ ಬೆಳಕು ಕಡಿಮೆಯಿದ್ದರೂ ಶಾಖ ತಟ್ಟುತ್ತಿತ್ತು. 1800ರಲ್ಲಿ ಪಟ್ಟಕದಿಂದ ಬಣ್ಣ ಬಿಡಿಸಿ, ಬುರುಡೆಗೆ ಕಪ್ಪು ಬಳಿದ ಥರ್ಮಾಮೀಟರ್ ಇಟ್ಟರು; ಹೋಲಿಕೆಗೆಂದು ಬೇರೆ ಥರ್ಮಾಮೀಟರ್‌ಗಳನ್ನು ಬಣ್ಣದಿಂದ ಹೊರಗಿಟ್ಟರು. (ನನ್ನ ಪ್ರಯೋಗದಲ್ಲಿ ಈ ಹೋಲಿಕೆಯೇ ಬಿಟ್ಟುಹೋಗಿತ್ತು.) ನೇರಳೆಯಲ್ಲಿ 2 ಡಿಗ್ರಿ ಫ್ಯಾರನ್‌ಹೀಟ್, ಹಸಿರಿನಲ್ಲಿ ಸುಮಾರು 3, ಕೆಂಪಿನಲ್ಲಿ ಸುಮಾರು 7 ಏರಿತು. ಕೆಂಪಿನಾಚೆ, ಬಣ್ಣವೇ ಇಲ್ಲದ ಕಡೆಗೆ ಸರಿಸಿದರೆ ಇನ್ನೂ ಹೆಚ್ಚು! ಆದರೂ ಅದೇ ವರ್ಷ ಅವರು ಬೆಳಕು ಬೇರೆ, ಈ ಶಾಖಕಿರಣ ಬೇರೆ ಎಂಬ ತಪ್ಪು ತೀರ್ಮಾನಕ್ಕೆ ಬಂದರು.

ಹುಡುಗಿಗೆ ಮರುದಿನ ಉತ್ತರ ಹೇಳಿದೆ. ಬಿಸಿಲಿಗೆ ಬೆಚ್ಚಗಾದ ಕೃತಕ ಉಪಗ್ರಹ ತಾನೇ ಹೊರಸೂಸುವುದು ಅವಕೆಂಪು ಕಿರಣವನ್ನು, ಹೆಚ್ಚಾಗಿ 10 ಮೈಕ್ರೊಮೀಟರ್ ಆಸುಪಾಸಿನ ತರಂಗಾಂತರದಲ್ಲಿ. ಸಾವಿರಾರು ಡಿಗ್ರಿ ಕಾದ ನಕ್ಷತ್ರಗಳು ಆ ತರಂಗಾಂತರದಲ್ಲಿ ಬಹಳ ಮಂಕು. ಭೂಮಿಯ ನೆರಳಿಗೆ ಹೋದಾಗ ಉಪಗ್ರಹ ಬರಿಗಣ್ಣಿಗೆ ಮರೆಯಾದರೂ ಅವಕೆಂಪು ಸಂವೇದಕಕ್ಕೆ ಅದರ ಶಾಖ ಸಿಗುತ್ತದೆ. ಇಷ್ಟಾದರೂ ಒಂದೇ ಚಿತ್ರ ಸಾಲದು. ಒಂದರ ಹಿಂದೆ ಒಂದು ಚಿತ್ರ ತೆಗೆದು, ನಕ್ಷತ್ರಗಳ ನಡುವೆ ಸರಿದ ಚುಕ್ಕೆ ಯಾವುದೆಂದು ನೋಡಬೇಕು.

ಹರ್ಷೆಲ್ 1822ರಲ್ಲಿ ತೀರಿಕೊಂಡರು. ಮುಂದಿನ ಪಾಠ ಯೋಜನೆಯಲ್ಲಿ, ಇಲ್ಲದ ಆ ನಾಲ್ಕು ಉಪಗ್ರಹಗಳಿಗೆ ಐದು ನಿಮಿಷ ಇಟ್ಟಿದ್ದೇನೆ.