ಅನುಭವವನ್ನು ನಂಬಿದ ಆಚಾರ್ಯರು



ಕೆಲವು ವರ್ಷಗಳ ಹಿಂದೆ ಊರಿನಲ್ಲಿ ನಮ್ಮ ತಂದೆಯವರು ತೀರಿಕೊಂಡರು. ನಾನು ಇಲ್ಲಿಂದ ಹೊರಟು ಮನೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು, ಎಲ್ಲವೂ ಮಾಯೆಯಪ್ಪಾ ಎಂದರು. ಅದ್ವೈತದಲ್ಲಿ ಆ ಮಾತಿಗೆ ಇನ್ನೂ ಆಳವಾದ ಅರ್ಥವಿದೆ ಎಂದು ಬಲ್ಲೆ. ಆದರೂ ಆ ಹೊತ್ತಿನಲ್ಲಿ ಮನಸ್ಸು ಒಪ್ಪಲಿಲ್ಲ. ಎದೆಯಲ್ಲಿದ್ದ ನೋವು ಸುಳ್ಳೇ? ಆ ಪ್ರಶ್ನೆ ನನ್ನನ್ನು ಮಧ್ವಾಚಾರ್ಯರ ಕಡೆಗೆ ಕರೆದೊಯ್ಯಿತು.

ಉಡುಪಿಯ ಹತ್ತಿರದ ಪಾಜಕದಲ್ಲಿ ಮಧ್ಯಗೇಹ ಭಟ್ಟರು ಮತ್ತು ವೇದವತಿ ದಂಪತಿಗಳ ಮಗನಾಗಿ ಆಚಾರ್ಯರು ಹುಟ್ಟಿದರು. ಬಾಲ್ಯದ ಹೆಸರು ವಾಸುದೇವ. ಜನ್ಮವರ್ಷವನ್ನು ಕೆಲವರು 1199 ಎನ್ನುತ್ತಾರೆ. ಆದರೆ ಅವರ ಶಿಷ್ಯರಾದ ನರಹರಿತೀರ್ಥರು ಆಂಧ್ರದ ಶ್ರೀಕೂರ್ಮದಲ್ಲಿ ಬರೆಸಿದ 1281ರ ಶಾಸನ ಮೊದಲಾದ ಆಧಾರಗಳಿಂದ ಹೆಚ್ಚಿನ ವಿದ್ವಾಂಸರು 1238 ಎಂದು ನಿರ್ಣಯಿಸಿದ್ದಾರೆ. ಅವರ ಜೀವನದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಿಂದ ಬಂದದ್ದು.

ತಂದೆಗೆ ಸಾಲ ಕೊಟ್ಟವನು ಮನೆ ಬಾಗಿಲಲ್ಲಿ ಕುಳಿತಾಗ ಬಾಲಕ ವಾಸುದೇವ ಹುಣಸೆ ಬೀಜ ಕೊಟ್ಟು ಸಾಲ ತೀರಿಸಿದ ಕಥೆ ನಮಗೆಲ್ಲ ಗೊತ್ತು. ನನಗೆ ಅದಕ್ಕಿಂತ ಹತ್ತಿರವಾದದ್ದು ಅವರ ಸನ್ಯಾಸದ ಪ್ರಸಂಗ. ಚಿಕ್ಕ ವಯಸ್ಸಿನಲ್ಲೇ ಸನ್ಯಾಸಿಯಾಗಲು ಹೊರಟ ಮಗನನ್ನು ಕಂಡು ತಂದೆ ತಾಯಿ ಸಂಕಟಪಟ್ಟರು. ಮುಪ್ಪಿನಲ್ಲಿ ಅವರನ್ನು ನೋಡಿಕೊಳ್ಳಲು ಬೇರೆ ಗಂಡುಮಕ್ಕಳಿರಲಿಲ್ಲ. ತಮ್ಮನೊಬ್ಬ ಹುಟ್ಟಿದ ಮೇಲೆಯೇ ವಾಸುದೇವ ಅಚ್ಯುತಪ್ರೇಕ್ಷರಿಂದ ದೀಕ್ಷೆ ಪಡೆದು ಪೂರ್ಣಪ್ರಜ್ಞರಾದರು. ಹೆತ್ತವರ ಕಣ್ಣೀರನ್ನು ಅವರು ಸುಳ್ಳೆಂದು ತಳ್ಳಿಹಾಕಲಿಲ್ಲ. (ಮುಂದೆ ಆ ತಮ್ಮನೂ ವಿಷ್ಣುತೀರ್ಥರೆಂಬ ಯತಿಯಾದರು.)

ಗುರುಗಳು ಇಷ್ಟಸಿದ್ಧಿ ಎಂಬ ಅದ್ವೈತ ಗ್ರಂಥದ ಪಾಠ ಶುರುಮಾಡಿದಾಗ ಶಿಷ್ಯ ಮೊದಲ ಶ್ಲೋಕದಲ್ಲೇ ದೋಷಗಳನ್ನು ಎತ್ತಿ ತೋರಿಸಿದರಂತೆ. ಆಮೇಲೆ ದಕ್ಷಿಣದಲ್ಲಿ ರಾಮೇಶ್ವರದವರೆಗೂ, ಉತ್ತರದಲ್ಲಿ ಬದರಿಯವರೆಗೂ ಸಂಚಾರ, ವಾದ, ಬರವಣಿಗೆ. ಗೀತೆಗೆ, ಬ್ರಹ್ಮಸೂತ್ರಕ್ಕೆ, ಉಪನಿಷತ್ತುಗಳಿಗೆ ಭಾಷ್ಯ ಬರೆದರು. ಒಟ್ಟು 37 ಗ್ರಂಥಗಳನ್ನು ಸರ್ವಮೂಲ ಎಂದು ಕರೆಯುತ್ತಾರೆ.

ಅವುಗಳಲ್ಲಿ ತತ್ತ್ವಸಂಖ್ಯಾನ ಬಹಳ ಪುಟ್ಟದು. ಇರುವುದೆಲ್ಲವನ್ನೂ ಅಲ್ಲಿ ವಿಂಗಡಿಸಿದ್ದಾರೆ. ನಾವು ಸಾಫ್ಟ್‌ವೇರ್‌ನವರು ಬರೆಯುವ ಮರದಂಥ ನಕ್ಷೆಯ ಹಾಗೆಯೇ ಅದೂ ಕವಲೊಡೆಯುತ್ತದೆ. ಮೊದಲ ಕವಲು ಸ್ವತಂತ್ರ ಮತ್ತು ಅಸ್ವತಂತ್ರ. ಸ್ವತಂತ್ರ ತತ್ತ್ವ ಒಂದೇ, ಶ್ರೀಹರಿ. ಅಸ್ವತಂತ್ರದಲ್ಲಿ ಭಾವ ಮತ್ತು ಅಭಾವ. ಭಾವದಲ್ಲಿ ಚೇತನ ಮತ್ತು ಅಚೇತನ. ಇಲ್ಲದಿರುವಿಕೆಗೂ ಇಲ್ಲಿ ಜಾಗವಿದೆ: ಮಡಕೆ ಹುಟ್ಟುವ ಮೊದಲಿನ ಇಲ್ಲ, ಒಡೆದ ಮೇಲಿನ ಇಲ್ಲ, ಎಂದೆಂದಿಗೂ ಇಲ್ಲ. ಗಮನಿಸಬೇಕಾದದ್ದೆಂದರೆ ಮೊದಲ ವಿಂಗಡಣೆ ನಿಜ, ಸುಳ್ಳು ಎಂದಲ್ಲ. ನಾವೂ ಜಗತ್ತೂ ನಿಜವೇ, ಆದರೆ ನಮ್ಮ ಇರವು ದೇವರಿಗೆ ಅಧೀನ.

ಇದು ನಿಜವೆಂದು ತಿಳಿಯುವುದು ಹೇಗೆ? ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ದಾರಿಗಳನ್ನು ಆಚಾರ್ಯರು ಒಪ್ಪುತ್ತಾರೆ. ಅವುಗಳ ಹಿಂದೆ ಸಾಕ್ಷಿ ಎಂಬ ಒಳಗಿನ ಇಂದ್ರಿಯವಿದೆ. ಅದು ಆತ್ಮದ ಸ್ವರೂಪವೇ. ಸುಖ, ದುಃಖ, ಕಾಲ ಇವನ್ನು ನೇರವಾಗಿ ಅರಿಯುವುದು ಅದು. ಕಣ್ಣು ಮೋಸಹೋಗಿ ಕಪ್ಪೆಚಿಪ್ಪನ್ನು ಬೆಳ್ಳಿ ಎಂದುಕೊಳ್ಳಬಹುದು. ಆದರೆ ನನಗೆ ನೋವಾಗಿದೆ ಎಂಬ ಸಾಕ್ಷಿಯ ಅರಿವು ತಪ್ಪಾಗುವುದಿಲ್ಲ. ಕನಸನ್ನೂ ಅವರು ಸುಳ್ಳೆನ್ನಲಿಲ್ಲ. ಮನಸ್ಸಿನಲ್ಲಿ ಉಳಿದ ವಾಸನೆಗಳಿಂದಲೇ ಕನಸಿನ ವಸ್ತುಗಳು ಆಗುತ್ತವೆ, ಅವನ್ನು ಎಚ್ಚರದ ವಸ್ತುಗಳೆಂದುಕೊಳ್ಳುವುದಷ್ಟೇ ಭ್ರಮೆ ಎಂದರು.

ಈ ಮತಕ್ಕೆ ವಿರೋಧ ಕಡಿಮೆಯಿರಲಿಲ್ಲ. ಎದುರಾಳಿಗಳು ಅವರ ಗ್ರಂಥಭಂಡಾರವನ್ನೇ ಅಪಹರಿಸಿದರು. ಕುಂಬಳೆಯ ಜಯಸಿಂಹ ರಾಜನ ನೆರವಿನಿಂದ ಅದು ಮರಳಿ ಬಂತು. ಆ ಸೀಮೆಯ ದೊಡ್ಡ ಪಂಡಿತ ತ್ರಿವಿಕ್ರಮರು ದಿನಗಟ್ಟಲೆ ವಾದ ಮಾಡಿ ಕೊನೆಗೆ ಶಿಷ್ಯರಾದರು. ಸುಮಧ್ವವಿಜಯ ಬರೆದ ನಾರಾಯಣ ಪಂಡಿತರು ಇವರ ಮಗ. ತ್ರಿವಿಕ್ರಮರ ಕೋರಿಕೆಯಂತೆ ಆಚಾರ್ಯರು ಅನುವ್ಯಾಖ್ಯಾನವನ್ನು ನಾಲ್ವರು ಲಿಪಿಕಾರರಿಗೆ ಏಕಕಾಲದಲ್ಲಿ ಹೇಳಿ ಬರೆಸಿದರೆಂದು ಪ್ರತೀತಿ.

ಮಲ್ಪೆಯ ಕಡಲತೀರದಲ್ಲಿ ಗೋಪೀಚಂದನದ ಗಡ್ಡೆಯೊಳಗೆ ದೊರೆತ ಕೃಷ್ಣನನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿ, ಪೂಜೆಯ ಹೊಣೆಯನ್ನು ಎಂಟು ಯತಿಗಳಿಗೆ ಒಪ್ಪಿಸಿದರು. ಅಷ್ಟಮಠಗಳ ಪರ್ಯಾಯ ಇಂದಿಗೂ ನಡೆದುಬಂದಿದೆ. 1317ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ಅನಂತೇಶ್ವರ ದೇವಸ್ಥಾನದಲ್ಲಿ ಐತರೇಯ ಉಪನಿಷತ್ತಿನ ಪಾಠ ಹೇಳುತ್ತಿದ್ದಾಗ ಪುಷ್ಪವೃಷ್ಟಿಯಾಗಿ ಅದೃಶ್ಯರಾದರು ಎಂದು ಸಂಪ್ರದಾಯ ಹೇಳುತ್ತದೆ. ಆ ದಿನವೇ ಮಾಘ ಶುದ್ಧ ನವಮಿ, ನಮ್ಮ ಮಧ್ವನವಮಿ.

ತಂದೆಯವರ ಶ್ರಾದ್ಧದ ದಿನ ಈಗಲೂ ಮನಸ್ಸು ಭಾರವಾಗುತ್ತದೆ. ಆ ಭಾರ ಸುಳ್ಳಲ್ಲ ಎಂದು ಒಪ್ಪಿಕೊಂಡ ಮೇಲೆ ನನಗೆ ಸ್ವಲ್ಪ ಹಗುರವಾಯಿತು. ಅವರಿದ್ದದ್ದು ನಿಜ, ಈಗ ಇಲ್ಲದಿರುವುದೂ ನಿಜ. ಎರಡೂ ನಮ್ಮ ಕೈಯಲ್ಲಿಲ್ಲ, ಅವನ ಕೈಯಲ್ಲಿವೆ.

ಶ್ರೀಕೃಷ್ಣಾರ್ಪಣಮಸ್ತು.