ಎಡ್ಗರ್ ಥರ್ಸ್ಟನ್: ಮದರಾಸಿನಲ್ಲಿ ತಲೆ ಅಳೆದವರು

ಊರಿನಿಂದ ಬಂದ ನೆಂಟರನ್ನು ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯದ ಚೆನ್ನೈ ಕನ್ನಡಿಗರು ವಿರಳ. 1885ರಿಂದ 1908ರವರೆಗೆ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಎಡ್ಗರ್ ಥರ್ಸ್ಟನ್. 1855ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಓದಿ ಮದರಾಸಿಗೆ ಬಂದ ಅವರು ಮೊದಲು ಮುತ್ತಿನ ಚಿಪ್ಪು, ಹಳೆಯ ನಾಣ್ಯಗಳ ಅಧ್ಯಯನದಲ್ಲಿ ತೊಡಗಿದ್ದರು. ಕ್ರಮೇಣ ಅವರ ಗಮನ ಮನುಷ್ಯರತ್ತ ಹೊರಳಿತು.

ಅಳತೆಯ ಉಪಕರಣಗಳೊಡನೆ ನೀಲಗಿರಿ ಹತ್ತಿ, ತೋಡರು, ಕೋತರು, ಬಡಗರ ತಲೆಯ ಉದ್ದಗಲಗಳನ್ನೂ ಮೂಗಿನ ಅಗಲವನ್ನೂ ಬರೆದುಕೊಂಡರು. ಬಡಗರ ನುಡಿ ನಮ್ಮ ಕನ್ನಡದ ಹತ್ತಿರದ ಬಂಧು. ತಾವು ಮೈಸೂರು ಸೀಮೆಯಿಂದ ಬಂದವರೆಂಬುದು ಅವರ ಐತಿಹ್ಯ. ವಯನಾಡಿನ ಪಣಿಯ ಹೆಂಗಸರಂತೂ, ಈ ದೊರೆ ತಮ್ಮಲ್ಲಿ ಚೆಲುವೆಯರಾದವರನ್ನು ಒಣಹುಲ್ಲು ತುಂಬಿ ಮದರಾಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುವನೆಂದು ಹೆದರಿದರಂತೆ. ಥರ್ಸ್ಟನ್ ಇದನ್ನು ತಮಾಷೆಯ ಪ್ರಸಂಗವೆಂಬಂತೆ ದಾಖಲಿಸಿದ್ದಾರೆ. ಓದುವಾಗ ನಮಗೆ ನಗು ಬರುವುದಿಲ್ಲ.

1901ರಲ್ಲಿ ಆರಂಭವಾದ ಜನಾಂಗ ಸಮೀಕ್ಷೆಯಲ್ಲಿ ಮದರಾಸು ಪ್ರಾಂತ್ಯದ ಹೊಣೆ ಅವರದಾಯಿತು. ಸಹಾಯಕ ಕೆ. ರಂಗಾಚಾರಿಯವರೊಡನೆ ಸಿದ್ಧಪಡಿಸಿದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಮದರಾಸಿಗೆ ಸೇರಿದ್ದರಿಂದ ಲಿಂಗಾಯತರು, ಬಂಟರು ಮುಂತಾದವರ ವಿವರಗಳೂ ಅಲ್ಲಿವೆ. ಕನ್ನಡ ಸೀಮೆಯವರ ತಲೆ ತಮಿಳರದಕ್ಕಿಂತ ಸರಾಸರಿಯಲ್ಲಿ ಅಗಲವೆಂದು ಕಂಡ ಥರ್ಸ್ಟನ್, ಅದರಲ್ಲಿ ಜನಾಂಗಗಳ ಮೂಲವನ್ನು ಅರಸಿದರು. ಆದರೆ ತಲೆಯ ಆಕಾರ ಪರಿಸರ, ಪೋಷಣೆಗಳಿಗೂ ಒಳಪಟ್ಟದ್ದು.

ಅವರು ಅರಸಿದ ಉತ್ತರ ಒಂದು ಶತಮಾನದ ಬಳಿಕ ಡಿಎನ್‌ಎಯಲ್ಲಿ ದೊರೆಯತೊಡಗಿತು. ಹೈದರಾಬಾದಿನ ಸಿಸಿಎಂಬಿ ಹಾಗೂ ಅಮೆರಿಕದ ವಿಜ್ಞಾನಿಗಳು 2009ರಲ್ಲಿ 25 ಸಮುದಾಯಗಳ 132 ಜನರನ್ನು ಪರಿಶೀಲಿಸಿ, ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಮೂಲಗಳ ಬೆರಕೆಯೆಂದು ತೋರಿಸಿದರು. ದ್ರಾವಿಡ ನುಡಿಯಾಡುವವರಲ್ಲೂ ಹಿಂದಿ ಮೊದಲಾದ ಉತ್ತರದ ನುಡಿಯಾಡುವವರಲ್ಲೂ ಎರಡೂ ಇವೆ, ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ನಡೆಯಿತೆಂದೂ, ಅನಂತರ ಒಳಮದುವೆಯ ಕಟ್ಟಳೆ ಬಿಗಿಯಾಯಿತೆಂದೂ 2013ರ ಅಧ್ಯಯನ ತಿಳಿಸಿತು.

ಆ ಕಟ್ಟಳೆಯ ಗುರುತು ಆಸ್ಪತ್ರೆಯಲ್ಲೂ ಕಾಣುತ್ತದೆ. ವೈಶ್ಯ ಸಮುದಾಯದಲ್ಲಿ ಒಂದು ಕಿಣ್ವದ ಕೊರತೆ ಹೆಚ್ಚು. ಅದುಳ್ಳವರಿಗೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸುವ ಕೆಲವು ಔಷಧಿಗಳನ್ನು ಕೊಟ್ಟರೆ ಸ್ವಂತ ಉಸಿರಾಟ ಮರಳಲು ಬಹಳ ಹೊತ್ತು ಹಿಡಿಯುತ್ತದೆ. ಇದೇ ಸಮುದಾಯದ, ಅಂದರೆ ಕೋಮಟಿಗರ, ವಿವಾಹ ಪದ್ಧತಿಯನ್ನು ಥರ್ಸ್ಟನ್ ವಿಸ್ತಾರವಾಗಿ ಬರೆದಿಟ್ಟಿದ್ದರು. ಅವರ ಮೂಗಿನ ಅಂಕಿಗಳಿಗಿಂತ ಆ ಪುಟಗಳೇ ಇಂದು ಹೆಚ್ಚು ಉಪಯುಕ್ತ.

ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಥರ್ಸ್ಟನ್ ಕಾರ್ನ್‌ವಾಲಿನ ಗಿಡಮರಗಳ ಅಧ್ಯಯನಕ್ಕೆ ತೊಡಗಿ, 1935ರಲ್ಲಿ ಪೆನ್‌ಜಾನ್ಸ್‌ನಲ್ಲಿ ನಿಧನರಾದರು.