ಸಮಯಕ್ಕೆ ಸಿಕ್ಕ ಮಾರ್ದನಿ: ರಾಬರ್ಟ್ ವಾಟ್ಸನ್-ವಾಟ್

ಕೊಲಿಂಡೇಲ್ ಟ್ಯೂಬ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಹಳೆಯ ಹೆಂಡನ್ ವಿಮಾನ ನಿಲ್ದಾಣದ ಜಾಗದಲ್ಲಿ ಆರ್‌ಎಎಫ್ ಮ್ಯೂಸಿಯಂ ಸಿಗುತ್ತೆ. ಪ್ರವೇಶ ಉಚಿತ, ಹಾಗಾಗಿ ನಮ್ಮಂಥ ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚು. ಅಲ್ಲಿ 1940ರ ಕಾಲದ ಯುದ್ಧವಿಮಾನಗಳ ಮುಂದೆ ನಿಂತಾಗ ನಾವು ನೆನೆಯಬೇಕಾದ ಒಬ್ಬರು ಪೈಲಟ್ ಅಲ್ಲ, ಎಂಜಿನಿಯರ್.

ರಾಬರ್ಟ್ ವಾಟ್ಸನ್-ವಾಟ್ 1892ರಲ್ಲಿ ಸ್ಕಾಟ್ಲೆಂಡಿನ ಬ್ರೆಕಿನ್‌ನಲ್ಲಿ ಬಡಗಿಯ ಮಗನಾಗಿ ಹುಟ್ಟಿದರು. ಡಂಡೀಯಲ್ಲಿ ಓದಿ, ಹವಾಮಾನ ಇಲಾಖೆ ಸೇರಿ, ಮಿಂಚು ಹೊಮ್ಮಿಸುವ ರೇಡಿಯೊ ಅಲೆಗಳಿಂದ ಗುಡುಗುಮಳೆ ಎಲ್ಲಿದೆ ಅಂತ ಪತ್ತೆ ಮಾಡುತ್ತಿದ್ದರು. 1935ರಲ್ಲಿ ರೇಡಿಯೊ ಅಲೆಯಿಂದ ಶತ್ರುವನ್ನು ಕೊಲ್ಲಬಹುದೇ ಅಂತ ಸರ್ಕಾರ ವಿಚಾರಿಸಿತು. ಅದು ಆಗದ ಮಾತು ಎಂದು ಸಹೋದ್ಯೋಗಿ ಆರ್ನಾಲ್ಡ್ ವಿಲ್ಕಿನ್ಸ್ ಲೆಕ್ಕ ಹಾಕಿ ತೋರಿಸಿದರು. ಆದರೆ ವಿಮಾನಕ್ಕೆ ಬಡಿದು ಮರಳುವ ಅಲೆಯನ್ನು ಹಿಡಿಯಬಹುದಿತ್ತು. ಫೆಬ್ರವರಿ 26ರಂದು ಡ್ಯಾವೆಂಟ್ರಿ ಬಳಿ, ಬಿಬಿಸಿ ಪ್ರಸಾರದ ಅಲೆಯಲ್ಲೇ, ಸುಮಾರು 13 ಕಿ.ಮೀ. ದೂರದವರೆಗೆ ವಿಮಾನ ಪತ್ತೆಯಾಯಿತು.

ಆದರೆ ಬಿಡುವಿಲ್ಲದ ಅಲೆ ವಿಮಾನ ಇದೆ ಅಂತ ಹೇಳುತ್ತೆ, ಎಷ್ಟು ದೂರದಲ್ಲಿದೆ ಅಂತ ಹೇಳಲ್ಲ. ದೂರ ತಿಳಿಯಬೇಕಾದರೆ ಬೆಟ್ಟದೆದುರು ಕೂಗಿದ ಹಾಗೆ ಒಂದು ಕೂಗು ಹಾಕಿ, ಸುಮ್ಮನಾಗಿ, ಮಾರ್ದನಿಗೆ ಕಾಯಬೇಕು. ಆ ಕೂಗೇ ಪಲ್ಸ್. ಮಾರ್ದನಿ ಒಂದು ಮೈಕ್ರೊಸೆಕೆಂಡು ತಡವಾದರೆ ವಿಮಾನ 150 ಮೀಟರ್ ದೂರ. ಪಲ್ಸ್ ಉದ್ದವಾದಷ್ಟೂ ಅದರಲ್ಲಿ ಶಕ್ತಿ ಹೆಚ್ಚು, ಹಾಗಾಗಿ ಹೆಚ್ಚು ದೂರ ಕಾಣುತ್ತೆ. ಹಾಗಂತ ಲಾಭ ಸುಲಭವಲ್ಲ: ದೂರ ಎರಡರಷ್ಟಾಗಲು ಶಕ್ತಿ 16 ಪಟ್ಟು ಬೇಕು. ಜೊತೆಗೆ 20 ಮೈಕ್ರೊಸೆಕೆಂಡಿನ ಪಲ್ಸ್‌ನಲ್ಲಿ, ಹಿಂದೆ ಮುಂದೆ 3 ಕಿ.ಮೀ. ಒಳಗೆ ಬರುವ ಎರಡು ವಿಮಾನಗಳು ಒಂದೇ ಆಗಿ ಬೆರೆತುಹೋಗುತ್ತವೆ. ದೂರ ಬೇಕೋ, ಸ್ಪಷ್ಟತೆ ಬೇಕೋ?

ವಾಟ್ಸನ್-ವಾಟ್ ದೂರವನ್ನು ಆರಿಸಿಕೊಂಡರು. ಅವರ ಮುಂದಾಳತ್ವದ ಚೈನ್ ಹೋಮ್ ಕೇಂದ್ರಗಳು ಸೆಕೆಂಡಿಗೆ 25 ಪಲ್ಸ್ ಮಾತ್ರ ಕಳಿಸುತ್ತಿದ್ದವು. ಬಹುದೂರದಿಂದ ಬರುವ ಹಳೇ ಮಾರ್ದನಿಗಳು ಅಡಗಲಿ ಅಂತ ಅಷ್ಟು ಬಿಡುವು. ಚಿತ್ರ ಮಸುಕಾಗಿತ್ತು, ತೀರಾ ಕೆಳಗೆ ಹಾರುವ ವಿಮಾನಗಳು ತಪ್ಪಿಸಿಕೊಳ್ಳುತ್ತಿದ್ದವು. ಆದರೆ 1939ರಲ್ಲಿ ಯುದ್ಧ ಶುರುವಾಗುವಾಗ ಸರಪಳಿ ಸಿದ್ಧವಿತ್ತು. ಅತ್ಯುತ್ತಮಕ್ಕೆ ಕಾಯುತ್ತಾ ಕೂರುವುದಕ್ಕಿಂತ, ಮೂರನೇ ದರ್ಜೆಯದಾದರೂ ಸಮಯಕ್ಕೆ ಸಿಗಬೇಕು ಅನ್ನೋದು ಅವರ ನಿಲುವು. ಎತ್ತರದಲ್ಲಿ ಬರುವ ಬಾಂಬರುಗಳು 100 ಕಿ.ಮೀ.ಗೂ ಆಚೆ ಇರುವಾಗಲೇ ಸುದ್ದಿ ಸಿಗುತ್ತಿದ್ದರಿಂದ, ಇದ್ದ ಕೆಲವೇ ಪೈಲಟ್‌ಗಳು ಸುಮ್ಮನೆ ಗಸ್ತು ಹಾರಿ ದಣಿಯಬೇಕಾಗಲಿಲ್ಲ.

1942ರಲ್ಲಿ ಅವರಿಗೆ ಸರ್ ಪದವಿ ಬಂತು. ಯುದ್ಧದ ನಂತರ ಕೆನಡಾದಲ್ಲಿ ಕಾರು ಜೋರಾಗಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಹಿಡಿದಿದ್ದು ರೇಡಾರ್! 1973ರಲ್ಲಿ ಇನ್ವರ್ನೆಸ್‌ನಲ್ಲಿ ತೀರಿಕೊಂಡರು.

ಥೀಸಿಸ್ ಇನ್ನೂ ಚೆನ್ನಾಗಿ ಬರಲಿ ಅಂತ ಗಡುವು ಮುಂದೂಡುತ್ತಾ ಕೂತಿರುವ ನಾವು ಒಂದು ಶನಿವಾರ ಕೊಲಿಂಡೇಲ್‌ಗೆ ಹೋಗಿಬಂದರೆ ನಷ್ಟವೇನಿಲ್ಲ.